ಮಾರಾಟದ ಲಾಳಿಕೆ ಮತ್ತು ಸಣ್ಣ ವ್ಯಾಪಾರ

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮಾರುವವನ ಮನಸ್ಸಿನಲ್ಲಿ ಕೊಳ್ಳುವವನನ್ನು ವಂಚಿಸುವ ಯೋಚನೆಯೇ ತುಂಬಿರುತ್ತದೆಂಬುದು ಅದರ ಭಾವ. ದೊಡ್ಡ ಅಂಗಡಿಗಳ ವಿಷಯ ಹೇಗೋ, ಮನೆಯ ಮುಂದೆ ಹಲಗೆ ತೂಗುಹಾಕಿ ರೊಟ್ಟಿ ಮಾರುವವರಿಗೆ ಈ ಮಾತು ಹೊಂದದು. ಇಂದು ವಂಚಿತನಾದವನು ನಾಳೆ ಅದೇ ಓಣಿಯಲ್ಲಿ ಎದುರಾಗುವನಷ್ಟೆ! ಇಂತಹ ಸಣ್ಣ ವ್ಯಾಪಾರಕ್ಕೆ ಪಾಶ್ಚಾತ್ಯರ ‘ಸೇಲ್ಸ್ ಫನೆಲ್’ ಎಂಬ ಕಲ್ಪನೆ ಎಷ್ಟರಮಟ್ಟಿಗೆ ಉಪಯೋಗವಾದೀತೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಸಹಪಾಠಿಗಳು ಕೇಳಬಹುದು. ವಿಜಯಪುರದ ನಮ್ಮ ಮನೆಯಲ್ಲಿ ತಾಯಿಯವರು ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಮನೆಯ ಬಾಡಿಗೆಯೂ ನನ್ನ ಕಾಲೇಜಿನ ಶುಲ್ಕವೂ ಆ ಹಂಚಿನಿಂದಲೇ ಇಳಿಯಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದ್ದರಿಂದ ಲೆಕ್ಕ ಬರೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತು.

ಫನೆಲ್ ಎಂದರೆ ಲಾಳಿಕೆ. ಬಾಯಿ ಅಗಲ, ಕೊರಳು ಕಿರಿದು. ಕ್ರಿ.ಶ. 1898ರ ಸುಮಾರಿಗೆ ಅಮೆರಿಕೆಯ ಜಾಹೀರಾತುಗಾರ ಎಲ್ಮೊ ಲೂಯಿಸ್ ಎಂಬುವನು ಕೊಳ್ಳುವವನ ಮನಸ್ಸು ಹಂತಹಂತವಾಗಿ ಸಾಗುತ್ತದೆಂದು ಹೇಳಿದನು. ಮೊದಲು ಗಮನ, ಆಮೇಲೆ ಆಸಕ್ತಿ, ಅನಂತರ ಬಯಕೆ; ಕೊನೆಗೆ ಕೊಳ್ಳುವ ಕ್ರಿಯೆ. 1924ರಲ್ಲಿ ವಿಲಿಯಂ ಟೌನ್‌ಸೆಂಡ್ ಎಂಬುವನು ಸಾಲಪತ್ರಗಳ ಮಾರಾಟವನ್ನು ಕುರಿತ ತನ್ನ ಪುಸ್ತಕದಲ್ಲಿ ಈ ಹಂತಗಳನ್ನು ಲಾಳಿಕೆಗೆ ಹೋಲಿಸಿದನು. ಕೇಳಿದವರು ಹಲವರು, ವಿಚಾರಿಸಿದವರು ಕೆಲವರು, ಕೊಂಡವರು ಇನ್ನೂ ಕೆಲವರೇ ಎಂಬುದು ಹೋಲಿಕೆಯ ತಾತ್ಪರ್ಯ.

ನನ್ನ ಮಟ್ಟಿಗೆ ಈ ಹೋಲಿಕೆ ಪೂರ್ತಿ ಸರಿಯೆನಿಸದು. ಲಾಳಿಕೆಗೆ ಸುರಿದ ಎಣ್ಣೆಯೆಲ್ಲ ಕೆಳಗಿನ ಸೀಸೆಗೇ ಇಳಿಯುತ್ತದೆ. ಮಾರಾಟದಲ್ಲಿ ಹೆಚ್ಚು ಪಾಲು ನಡುದಾರಿಯಲ್ಲೇ ಸೋರಿಹೋಗುತ್ತದೆ. ಜೋಳದ ಹಿಟ್ಟಿನ ಜರಡಿ ಇದಕ್ಕೆ ಹೆಚ್ಚು ಸಮೀಪದ ಉಪಮೆ. ಆದರೂ ಲಾಳಿಕೆಯ ಒಂದು ಗುಣ ನಮಗೆ ಬೇಕಾದುದು. ಕೊರಳು ತಾಳುವುದಕ್ಕಿಂತ ವೇಗವಾಗಿ ಸುರಿದರೆ ಅದು ತುಂಬಿ ಹೊರಚೆಲ್ಲುತ್ತದೆ.

ನಮ್ಮ ವ್ಯಾಪಾರದ ಕೊರಳೆಂದರೆ ತಾಯಿಯವರ ಎರಡು ಕೈಗಳು. ಬಿಳಿಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತಟ್ಟಿ, ಹಂಚಿನ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ ಬೇಯಿಸಿದರೆ ಅದು ಮೆತ್ತನೆಯ ರೊಟ್ಟಿ. ಅದನ್ನೇ ಮತ್ತೆ ಸಣ್ಣ ಉರಿಯಲ್ಲಿ ತೇವವೆಲ್ಲ ಹೋಗುವವರೆಗೆ ಕಾಯಿಸಿದರೆ ಕಡಕ್ ರೊಟ್ಟಿ. ತೇವವಿಲ್ಲದ ಕಾರಣ ಅದು ವಾರಗಟ್ಟಲೆ ಕೆಡದು. ದೂರದ ಊರಿಗೂ ಹೋಗಬಲ್ಲುದು. ಆದರೆ ಎರಡು ಸಲದ ಬೆಂಕಿ ಎಂದರೆ ಎರಡು ಪಾಲು ಹೊತ್ತು. ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ಹತ್ತು ಗಂಟೆಗೆ ನೂರೈವತ್ತು ರೊಟ್ಟಿ. ಅದಕ್ಕಿಂತ ಹೆಚ್ಚು ತಟ್ಟಿದ ದಿನ ರಾತ್ರಿ ಭುಜ ಎತ್ತಲಾಗದೆಂದು ಅವರು ಹೇಳುವುದುಂಟು. ಜಾಹೀರಾತು ಕೊಟ್ಟು ಒಂದೇ ದಿನ ಐನೂರು ರೊಟ್ಟಿಗೆ ಬೇಡಿಕೆ ತಂದರೆ ಅದು ಲಾಭವೇ? ಮುನ್ನೂರೈವತ್ತು ರೊಟ್ಟಿಯ ಮಟ್ಟಿಗೆ ಮಾತು ತಪ್ಪಿದಂತಾಗುವುದು.

ಆದುದರಿಂದ ಸಣ್ಣ ವ್ಯಾಪಾರಿಯು ಲಾಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ. ಒಂದು ಲೆಕ್ಕ ನೋಡೋಣ. ನೂರು ಜನ ನಮ್ಮ ಹೆಸರು ಕೇಳಿದರು, ನಲವತ್ತು ಜನ ವಿಚಾರಿಸಿದರು, ಹತ್ತು ಜನ ಕೊಂಡರು, ನಾಲ್ವರು ಮತ್ತೆ ಬಂದರು ಎಂದಿಟ್ಟುಕೊಳ್ಳಿ. ಮರಳಿ ಬರುವವರು ಎಂಟಾಗಬೇಕಾದರೆ ಎರಡು ದಾರಿಗಳುಂಟು: ಇನ್ನೂ ನೂರು ಜನರ ಕಿವಿಗೆ ಹೆಸರು ಮುಟ್ಟಿಸುವುದು, ಇಲ್ಲವೆ, ಕೊಂಡ ಹತ್ತು ಜನರಲ್ಲೇ ಇನ್ನು ನಾಲ್ವರನ್ನು ತೃಪ್ತಿಪಡಿಸುವುದು. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದಕ್ಕೆ ಬೇಕಾದುದು, ಅವರೇಕೆ ಬರಲಿಲ್ಲವೆಂಬ ತಿಳಿವಳಿಕೆ. ಅದನ್ನು ಅವರನ್ನೇ ಕೇಳಬೇಕು. ಒಮ್ಮೆ ಕೇಳಬೇಕು, ಬೆನ್ನುಹತ್ತಬಾರದು.

ಎರಡು ತಿಂಗಳ ಕಾಲ ನೋಟುಪುಸ್ತಕದಲ್ಲಿ ನಾಲ್ಕು ಮನೆ ಎಳೆದು ಬರೆದು ನೋಡಿದಾಗ ಸೋರಿಕೆ ಎಲ್ಲಿದೆಯೆಂಬುದು ಕಾಣಿಸಿತು. ಬೆಂಗಳೂರು, ಪುಣೆಗಳಲ್ಲಿರುವ ನಮ್ಮ ಕಡೆಯವರು ದೂರವಾಣಿಯಲ್ಲಿ ಉತ್ಸಾಹದಿಂದ ವಿಚಾರಿಸಿ, “ಮುರಿಯದೆ ಬರುತ್ತವೆಯೇ?” ಎಂದು ಕೇಳಿ ಅಲ್ಲಿಗೇ ನಿಲ್ಲುತ್ತಿದ್ದರು. ಈ ಸಂಶಯ ನ್ಯಾಯವಾದುದೇ. ಹಪ್ಪಳದಂತೆ ಸಿಡಿಯುವ ರೊಟ್ಟಿ ರಾತ್ರಿಯ ಬಸ್ಸಿನಲ್ಲಿ ಹೋಗಬೇಕಲ್ಲ! ಈಗ ಕಟ್ಟುವ ಬಗೆಯ ಚಿತ್ರವನ್ನು ಮೊದಲೇ ಕಳಿಸುತ್ತೇವೆ. ಮುರಿದವಕ್ಕೆ ಬೆಲೆ ಹಿಡಿಯುವುದಿಲ್ಲವೆಂದೂ ತಿಳಿಸುತ್ತೇವೆ. ವಿಚಾರಿಸಿ ಸುಮ್ಮನಾಗಿದ್ದವರಲ್ಲಿ ಹಲವರು ಇದರ ಮೇಲೆ ತರಿಸಿಕೊಂಡರು.

ಓಣಿಯ ಗಿರಾಕಿಗಳ ಸಂಗತಿಯೇ ಬೇರೆ. ಇಲ್ಲಿ ತಡೆಯಾಗಿದ್ದುದು ಸಂಕೋಚ. ಬೆಲೆ ಕೇಳಿ ಕೊಳ್ಳದೆ ಹೋಗುವುದು ಕೆಲವರಿಗೆ, ಅದರಲ್ಲೂ ವಸತಿನಿಲಯದ ವಿದ್ಯಾರ್ಥಿಗಳಿಗೆ, ಅವಮಾನವೆನಿಸುತ್ತದೆ. ಹಲಗೆಯ ಮೇಲೆ ಬೆಲೆಯನ್ನು ದೊಡ್ಡದಾಗಿ ಬರೆದೆವು. ಹತ್ತರ ಕಟ್ಟಿನ ಜೊತೆಗೆ ಎರಡರ ಕಟ್ಟನ್ನೂ ಇಟ್ಟೆವು. ನಿಂತವರ ಕೈಗೆ ರೊಟ್ಟಿಯ ಒಂದು ಚೂರು, ಅದರ ಮೇಲೆ ಚಿಟಿಕೆ ಶೇಂಗಾ ಚಟ್ನಿ ಇಲ್ಲವೆ ಅಗಸಿ ಚಟ್ನಿ. ನೂರು ಮಾತು ಮಾಡಲಾರದ ಕೆಲಸವನ್ನು ಅಗಸಿ ಚಟ್ನಿ ಮಾಡುತ್ತದೆ. (ಗುರೆಳ್ಳಿನ ಚಟ್ನಿಯ ಪಕ್ಷಪಾತಿಗಳು ಕ್ಷಮಿಸಬೇಕು.)

ಸಲಕರಣೆಗಳಿಗೆ ಹೆಚ್ಚು ಖರ್ಚಿಲ್ಲ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಗಿರಾಕಿಗಳನ್ನು ‘ಹೊಸಬರು’, ‘ಹಣ ಬಾಕಿ’ ಎಂದು ಗುರುತಿಸಿಡಬಹುದು. 2016ರಲ್ಲಿ ಆರಂಭವಾದ ಯುಪಿಐಯಿಂದ ಚಿಲ್ಲರೆಯ ತಕರಾರು ತಪ್ಪಿದೆ. ಆದರೆ ಯಂತ್ರವಿದೆಯೆಂದು ನಗದು ಕೊಡುವ ಮುದುಕರನ್ನು ಹಿಂದಕ್ಕೆ ಕಳಿಸುವುದು ಸಲ್ಲದು.

ದೊಡ್ಡ ಕಂಪನಿಗಳ ಲಾಳಿಕೆಗಳಿಂದ ನಾವು ಕಲಿಯಬಾರದ ಸಂಗತಿಗಳೂ ಉಂಟು. ಇಲ್ಲದ ಅವಸರವನ್ನು ಹುಟ್ಟಿಸುವುದು, ಬೆಲೆಯನ್ನು ಕೊನೆಯ ಗಳಿಗೆಯವರೆಗೆ ಮರೆಮಾಚಿ ಸ್ವಲ್ಪಸ್ವಲ್ಪವಾಗಿ ಏರಿಸುವುದು, ಕೇಳದ ಸರಕನ್ನು ಬುಟ್ಟಿಗೆ ತೂರಿಸುವುದು, ಬೇಡವೆಂದವರನ್ನು ನಾಚಿಸುವುದು — ಇವನ್ನು ‘ಡಾರ್ಕ್ ಪ್ಯಾಟರ್ನ್’ಗಳೆಂದು ಕರೆಯುತ್ತಾರೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ಪಟ್ಟಿಯನ್ನು ತಾಯಿಯವರಿಗೆ ಓದಿಹೇಳಿದೆ. “ಇದಕ್ಕೂ ಕಾನೂನು ಬೇಕಾತೇನು?” ಎಂದರು. ಬೇಡವೆಂದವರ ಸಂಖ್ಯೆಯನ್ನು ನಾವು ಅಂದೇ ಅಳಿಸುತ್ತೇವೆ. ಹಾಗೆ ಬಿಟ್ಟುಹೋದವರು ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆರೊಟ್ಟಿಗೆ ತಾವಾಗಿಯೇ ಬಂದುದುಂಟು.

ಈಗ ದಿನದ ನೂರೈವತ್ತರಲ್ಲಿ ಸುಮಾರು ನೂರು ಹಳೆಯ ಗಿರಾಕಿಗಳಿಗೇ ಮೀಸಲು. ಉಳಿದ ಐವತ್ತಕ್ಕೆ ಮಾತ್ರ ಹೊಸಬರನ್ನು ಹುಡುಕಬೇಕು; ಅಷ್ಟಕ್ಕೆ ಮನೆಯ ಮುಂದಿನ ಹಲಗೆ ಸಾಕು. ಇದನ್ನು ಮೀರಿ ಬೆಳೆಯಬೇಕಾದರೆ ಮೊದಲು ಪಕ್ಕದ ಮನೆಯವರೊಬ್ಬರಿಗೆ ಕೂಲಿ ಕೊಟ್ಟು ಎರಡನೆಯ ಹಂಚು ಇಡಬೇಕು. ಜಾಹೀರಾತಿನ ಮಾತು ಆಮೇಲೆ.

ಪರೀಕ್ಷೆ ಹತ್ತಿರ ಬಂದಿದೆ. ಇನ್ನೆರಡು ತಿಂಗಳು ನೋಟುಪುಸ್ತಕ ತಾಯಿಯವರ ಕೈಯಲ್ಲಿರುತ್ತದೆ. ಅವರಿಗೆ ಅಕ್ಷರ ಬಾರದ ಕಾರಣ ನಾಲ್ಕು ಮನೆಗಳ ನೆತ್ತಿಯ ಮೇಲೆ ಚಿತ್ರ ಬರೆದಿದ್ದೇನೆ: ಹೆಸರು ಕೇಳಿದವರಿಗೆ ಕಿವಿ, ವಿಚಾರಿಸಿದವರಿಗೆ ಬಾಯಿ, ಕೊಂಡವರಿಗೆ ರೊಟ್ಟಿ, ಮರಳಿ ಬಂದವರಿಗೆ ಬಾಗಿಲು. ಒಬ್ಬೊಬ್ಬರಿಗೆ ಒಂದೊಂದು ಗೆರೆ. ನಿನ್ನೆ ನೋಡಿದಾಗ ಬಾಗಿಲಿನ ಕೆಳಗೆ ಹನ್ನೊಂದು ಗೆರೆಗಳಿದ್ದವು.