ಸೋರಿಯಾಸಿಸ್: ಅಂಟುರೋಗವಲ್ಲ, ಅಂಜಬೇಕಿಲ್ಲ

ಮೊಣಕೈ, ಮಂಡಿ, ತಲೆ ಅಥವಾ ಸೊಂಟದ ಮೇಲೆ ದಪ್ಪನೆಯ ಕೆಂಪು ಮಚ್ಚೆ. ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಹೊಟ್ಟು. ಇದು ಸೋರಿಯಾಸಿಸ್‌ನ ಸಾಮಾನ್ಯ ರೂಪ. ಈ ರೋಗವಿರುವವರ ತಟ್ಟೆ, ಟವೆಲ್, ಹಾಸಿಗೆಗಳನ್ನು ಬೇರೆ ಇಡುವ ಮನೆಗಳು ಇಂದಿಗೂ ಇವೆ. ಇದು ತಪ್ಪು. ಮುಟ್ಟಿದರೆ, ಜೊತೆಯಲ್ಲಿ ಕೂತು ಉಂಡರೆ ಈ ರೋಗ ಹರಡುವುದಿಲ್ಲ.

ಏಕೆ ಬರುತ್ತದೆ?

ಚರ್ಮದ ಹೊರಪದರದ ಜೀವಕೋಶಗಳು ಹುಟ್ಟಿ, ಮೇಲಕ್ಕೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು 4 ವಾರ ಬೇಕು. ಸೋರಿಯಾಸಿಸ್‌ನಲ್ಲಿ ಇದು 3ರಿಂದ 5 ದಿನಗಳಲ್ಲೇ ನಡೆದುಬಿಡುತ್ತದೆ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೆರಳಿ ಚರ್ಮದಲ್ಲಿ ಉರಿಯೂತ ಉಂಟುಮಾಡುವುದು ಇದಕ್ಕೆ ಕಾರಣ. ಬಲಿಯದ ಕೋಶಗಳು ಒಂದರ ಮೇಲೊಂದು ಸೇರಿ ಹೊಟ್ಟಾಗುತ್ತವೆ. ವಂಶದಿಂದ ಬಂದ ಪ್ರವೃತ್ತಿ ಇರುವವರಲ್ಲಿ ಗಂಟಲ ಸೋಂಕು, ಗಾಯ, ಮಾನಸಿಕ ಒತ್ತಡ, ಮದ್ಯಪಾನ, ಧೂಮಪಾನ ಹಾಗೂ ಕೆಲವು ಔಷಧಿಗಳು ರೋಗವನ್ನು ಕೆರಳಿಸಬಹುದು. ಅನೇಕರಿಗೆ ಚಳಿಗಾಲದಲ್ಲಿ ಹೆಚ್ಚಾಗುತ್ತದೆ.

ಚಿಕಿತ್ಸೆ

ಸಕ್ಕರೆ ಕಾಯಿಲೆಯಂತೆ ಇದನ್ನೂ ಬೇರುಸಹಿತ ಕೀಳಲಾಗದು, ಆದರೆ ಹತೋಟಿಯಲ್ಲಿಡಬಹುದು. ರೋಗ ಅಲ್ಪವಾಗಿದ್ದರೆ ವೈದ್ಯರು ಹೇಳಿದ ಮುಲಾಮು ಸಾಕಾಗುತ್ತದೆ. ಹೆಚ್ಚಾಗಿದ್ದರೆ ನೇರಳಾತೀತ ಕಿರಣ, ಮಾತ್ರೆ ಅಥವಾ ಚುಚ್ಚುಮದ್ದು ಬೇಕಾಗಬಹುದು. ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದರೆ ನೆನಪಿಡಿ: ಅದು ವಾರಕ್ಕೊಮ್ಮೆ ಮಾತ್ರ. ಮರೆತು ದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರು ಅದನ್ನು ಸೇವಿಸಬಾರದು.

ಈ ಪುಡಿಗಳ ಬಗ್ಗೆ ಎಚ್ಚರ

'ತಿಂಗಳಲ್ಲಿ ಪೂರ್ಣ ಗುಣ' ಎಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ಮಚ್ಚೆಗಳು ಬೇಗ ಮಾಯವಾಗುತ್ತವೆ, ನಿಜ. ಆದರೆ ಒಮ್ಮೆಲೇ ನಿಲ್ಲಿಸಿದಾಗ ಮೈಯೆಲ್ಲಾ ಕೆಂಪಾಗಿ, ಕೀವುಗುಳ್ಳೆಗಳೆದ್ದು, ಚಳಿಜ್ವರ ಬಂದು ಆಸ್ಪತ್ರೆ ಸೇರಬೇಕಾದೀತು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ, ಪೊಟ್ಟಣದೊಂದಿಗೆ ವೈದ್ಯರನ್ನು ಕಾಣಿರಿ.

ನೀವು ಮಾಡಬೇಕಾದುದು

* ಸ್ನಾನವಾದ ಕೂಡಲೇ, ಚರ್ಮ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ.
* ಹೊಟ್ಟನ್ನು ಕೆರೆದು ಕೀಳಬೇಡಿ. ಗಾಯವಾದಲ್ಲಿ ಹೊಸ ಮಚ್ಚೆ ಏಳಬಹುದು.
* ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ, ಬೆಳಿಗ್ಗೆ ಎದ್ದಾಗ ಬೆರಳ ಕೀಲುಗಳು ಊದಿ ಬಿಗಿದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಈ ರೋಗ ಕೀಲುಗಳಿಗೂ ಬರುತ್ತದೆ. ಅಲಕ್ಷಿಸಿದರೆ ಬೆರಳು ಸೊಟ್ಟಗಾಗಬಹುದು.

ಔಷಧಿಯ ಜೊತೆಗೆ ಮನೆಯವರ ಸಹಕಾರವೂ ಮುಖ್ಯ. ಬೇರೆ ಇಟ್ಟಿರುವ ತಟ್ಟೆಯನ್ನು ಇಂದೇ ಎಲ್ಲರ ತಟ್ಟೆಗಳ ಜೊತೆ ಸೇರಿಸಿ.