ಹಿಡಿ ನೋಡಿ ಕತ್ತಿ ಕೊಳ್ಳಬೇಡಿ

ಗಡ್ಡ ಬಿಡುವ ಹುಡುಗರು ಹೆಚ್ಚಾದ ಹಾಗೆ ಮಡಚುವ ಕ್ಷೌರದ ಕತ್ತಿಯ ಮೇಲಿನ ಆಸೆಯೂ ಮರಳಿದೆ. ಭಟ್ಕಳದವರು ಗಲ್ಫಿನಲ್ಲಿರುವ ಅಣ್ಣನಿಗೋ ಭಾವನಿಗೋ ಹೇಳಿ ತರಿಸುತ್ತಾರೆ. ಹೊನ್ನಾವರ, ಕುಮಟೆಯ ಕಡೆ ಮೊಬೈಲಿನಲ್ಲಿ ಚಿತ್ರ ನೋಡಿ ಆರ್ಡರ್ ಮಾಡುವವರೇ ಹೆಚ್ಚು. ಇನ್ನು ಕೆಲವರಿಗೆ ಅಟ್ಟದ ಮೇಲಿನ ಅಜ್ಜನ ಪೆಟ್ಟಿಗೆಯಲ್ಲೇ ಒಂದು ಸಿಕ್ಕಿರುತ್ತದೆ. ಮೂರೂ ಕಡೆ ಆಗುವ ತಪ್ಪು ಒಂದೇ: ಕಣ್ಣು ಮೊದಲು ಹಿಡಿಯ ಮೇಲೆ ಹೋಗುತ್ತದೆ, ಆಮೇಲೆ ಅಲಗಿನ ಹೊಳಪಿನ ಮೇಲೆ. ಗಡ್ಡ ತೆಗೆಯುವ ಕೆಲಸಕ್ಕೆ ಇವೆರಡರಿಂದಲೂ ಪ್ರಯೋಜನವಿಲ್ಲ.

ಹಿನ್ನೆಲೆ ಇಷ್ಟು ಸಾಕು. 18ನೇ ಶತಮಾನದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ ಮೇಲೆ ಇಂಗ್ಲೆಂಡಿನ ಶೆಫೀಲ್ಡ್ ಕತ್ತಿಗಳಿಗೆ ಹೆಸರಾಯಿತು. ಮುಂದೆ ಜರ್ಮನಿಯ ಸೋಲಿಂಗೆನ್ ಅದನ್ನು ಹಿಂದಿಕ್ಕಿತು. 1904ರಲ್ಲಿ ಕಿಂಗ್ ಜಿಲೆಟ್‌ಗೆ ಬ್ಲೇಡು ಬದಲಿಸುವ ರೇಜರಿನ ಪೇಟೆಂಟ್ ಸಿಕ್ಕಿತು, ಕತ್ತಿ ಮನೆಗಳಿಂದ ಹೊರಟಿತು. ಕ್ಷೌರದಂಗಡಿಯಲ್ಲಿ ಉಳಿದಿದ್ದನ್ನು ಎಚ್‌ಐವಿ, ಹೆಪಟೈಟಿಸ್-ಬಿ ಭಯ ಹೊರಹಾಕಿತು.

1. ಬೇಕಾದ್ದು ಯಾವುದು?

ಇಂದು ಸಲೂನಿನಲ್ಲಿ ಕಾಣುವ ಕತ್ತಿ ನಿಜವಾದ ಕತ್ತಿಯಲ್ಲ. ಟೋಪಾಝ್‌ನಂಥ ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಸಿಕ್ಕಿಸುವ ಹಿಡಿಕೆ ಅದು. ಮಸೆಯುವ ಗೋಜಿಲ್ಲ, ಬೆಲೆಯೂ ಕಡಿಮೆ. ಆದರೆ ಹಗುರವಾದ್ದರಿಂದ ಕೈ ಸ್ವಲ್ಪ ಜಾರಿದರೂ ಕೊಯ್ದುಬಿಡುತ್ತದೆ. ‘ಮೊದಲು ಇದರಲ್ಲಿ ಕಲಿತು ಆಮೇಲೆ ಅದಕ್ಕೆ ಹೋಗುತ್ತೇನೆ’ ಎನ್ನುವವರು ಕಷ್ಟದ್ದನ್ನೇ ಮೊದಲು ಹಿಡಿದಂತಾಗುತ್ತದೆ. ವಾರಕ್ಕೊಮ್ಮೆಯೂ ಕತ್ತಿಯ ಆರೈಕೆಗೆ ಪುರುಸೊತ್ತಿಲ್ಲದವರಿಗೆ ಮಾತ್ರ ಬ್ಲೇಡಿನದೇ ಸರಿ.

2. ಅಳತೆ, ತುದಿ, ಕೆತ್ತನೆ

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. ಹೊಸಬರಿಗೆ 5/8, ಅಂದರೆ ಸುಮಾರು 16 ಮಿ.ಮೀ. ಅಗಲದ್ದು ಸಾಕು. 6/8 ಆದರೂ ಅಡ್ಡಿಯಿಲ್ಲ. ತುದಿ ದುಂಡಗಿರಲಿ, ಚೂಪು ತುದಿ ಕಿವಿಯ ಬುಡದಲ್ಲಿ ಗಾಯ ಮಾಡದೆ ಬಿಡುವುದಿಲ್ಲ. ಅಲಗಿನ ಎರಡೂ ಬದಿ ಒಳಕ್ಕೆ ಕೆತ್ತಿದ್ದರೆ ಅದು ‘ಹಾಲೋ’. ಪೂರ್ತಿ ಹಾಲೋ ಅಲಗನ್ನು ಉಗುರಿನಿಂದ ಮೀಟಿದರೆ ಝಣ್ ಎನ್ನುತ್ತದೆ. ಅರ್ಧ ಅಥವಾ ಪೂರ್ತಿ ಹಾಲೋ ಆರಿಸಿಕೊಳ್ಳುವುದು ಮೇಲು. ಕೆತ್ತನೆಯಿಲ್ಲದ, ಬೆಣೆಯಾಕಾರದ ಭಾರದ ಕತ್ತಿಯನ್ನು ಮಸೆಯುವುದು ಪಳಗಿದ ಕೈಗೇ ಕಷ್ಟ.

3. ಬೆನ್ನು ನೋಡಿ, ಬಾಯಿ ನೋಡಿ

ದುಡ್ಡು ಹಾಳಾಗುವುದು ಇಲ್ಲಿಯೇ. ಅಡುಗೆಮನೆಯ ಕತ್ತಿ ಮಸೆಯುವಾಗ ಎಷ್ಟು ಓರೆ ಹಿಡಿಯಬೇಕೆಂದು ಕೈಯೇ ತೀರ್ಮಾನಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಅದನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬಾಯಿಯ ಕೋನ ಎಷ್ಟಿರಬೇಕೆಂದು ನಿರ್ಧರಿಸುವುದು ಬೆನ್ನಿನ ದಪ್ಪ. ಬೆನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಬಾಯಿಯೂ ಹಾಗೆಯೇ ಆಗುತ್ತದೆ. ಎಷ್ಟು ಒಳ್ಳೆಯ ಕಲ್ಲು ತಂದು ಎಷ್ಟು ಹೊತ್ತು ಮಸೆದರೂ ಅದು ಒಂದು ತುದಿಯಲ್ಲಿ ಹರಿತ, ಇನ್ನೊಂದು ತುದಿಯಲ್ಲಿ ಮೊಂಡು.

ಪರೀಕ್ಷೆ ಸುಲಭ. ಕಿಟಕಿಯ ಗಾಜಿನ ತುಂಡೊಂದನ್ನು ಮೇಜಿನ ಮೇಲಿಟ್ಟು ಅಲಗನ್ನು ಅದರ ಮೇಲೆ ಮಲಗಿಸಿ. ಬುಡವನ್ನೊಮ್ಮೆ, ತುದಿಯನ್ನೊಮ್ಮೆ ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಟಕ್ ಎಂದು ಅಲುಗಾಡಿದರೆ ಅಲಗು ತಿರುಚಿದೆ ಎಂದರ್ಥ. ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಟ್ಟು, ಬಾಯಿ ಮತ್ತು ಗಾಜಿನ ನಡುವೆ ಬೆಳಕು ನುಸುಳುತ್ತದೆಯೇ ನೋಡಿ. ಮಗ್ಗುಲು ಬದಲಿಸಿ ಮತ್ತೊಮ್ಮೆ ಇದನ್ನೇ ಮಾಡಬೇಕು; ಒಂದೇ ಬದಿ ನೋಡಿ ಬಿಟ್ಟರೆ ನೋಡಿದ ಹಾಗಲ್ಲ. ಬಾಯಿ ನಡುವೆ ಕೊಂಚ ಉಬ್ಬಿದ್ದರೆ ತೊಂದರೆಯಿಲ್ಲ. ನಡುವೆ ಒಳಕ್ಕೆ ಬಾಗಿದ್ದರೆ ಆ ಕತ್ತಿ ಬೇಡ.

ಇನ್ನೊಂದು ಲೆಕ್ಕ ಅಳತೆಯದು. ಅಲಗಿನ ಅಗಲ ಬೆನ್ನಿನ ದಪ್ಪದ ಮೂರರಿಂದ ನಾಲ್ಕು ಪಟ್ಟು ಇರಬೇಕು. 16 ಮಿ.ಮೀ. ಅಗಲಕ್ಕೆ ನಾಲ್ಕೂವರೆ ಮಿ.ಮೀ. ಬೆನ್ನಿದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ, ಅದು ಹದವಾದ ಕೋನ. ಬೆನ್ನು ತೀರಾ ತೆಳುವಾದರೆ ಬಾಯಿ ಉದುರುತ್ತದೆ, ತೀರಾ ದಪ್ಪವಾದರೆ ಕೂದಲು ಎಳೆಯುತ್ತದೆ. ಮನೆಯಲ್ಲಿ ವರ್ನಿಯರ್ ಇಲ್ಲದಿದ್ದರೆ ಪೇಟೆಯ ಅಕ್ಕಸಾಲಿಗರನ್ನು ಕೇಳಿ ನೋಡಬಹುದು. ಬೆನ್ನನ್ನು ಬುಡ, ನಡು, ತುದಿ ಹೀಗೆ ಮೂರು ಕಡೆ ಅಳೆಯಬೇಕು.

ಆನ್‌ಲೈನಿನಲ್ಲಿ ಕೊಳ್ಳುವವರು ಮಾರುವವರಿಂದ ಮೂರು ಚಿತ್ರ ಕೇಳಲಿ: ಬೆನ್ನನ್ನು ನೇರ ಮೇಲಿನಿಂದ ತೆಗೆದದ್ದು, ಅಲಗಿನ ಎರಡೂ ಬದಿಯವು. ಕೊಡುವುದಿಲ್ಲ ಎಂದರೆ ವ್ಯವಹಾರ ಅಲ್ಲಿಗೇ ಬಿಡುವುದು ಒಳ್ಳೆಯದು. ತಯಾರಕರ ಹೆಸರಿಲ್ಲದೆ ‘ಜಪಾನ್ ಸ್ಟೀಲ್’ ಎಂದಷ್ಟೇ ಕೆತ್ತಿದ್ದು, ಹಿತ್ತಾಳೆ ಹಿಡಿಯ ‘ದಮಾಸ್ಕಸ್’ ಗೆರೆಗಳದ್ದು ಚಿತ್ರದಲ್ಲಿ ಚೆಂದ, ಮುಖದ ಮೇಲೆ ಅಲ್ಲ. ಚೀನಾದ ಗೋಲ್ಡ್ ಡಾಲರ್ ಅಗ್ಗ, ಉಕ್ಕೂ ಪರವಾಗಿಲ್ಲ. ಆದರೆ ಅದರ ಬೆನ್ನು, ಬುಡವನ್ನು ತಿದ್ದದೆ ನೆಟ್ಟಗೆ ಮಸೆಯಲಾಗುವುದಿಲ್ಲ. ತಿದ್ದುವುದು ಹೊಸಬರ ಕೆಲಸವಲ್ಲ. ‘ಸೋಲಿಂಗೆನ್’ ಎಂಬ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆಯಿದೆ. ಅಲ್ಲಿಯ ಡೋವೊ, ಬೋಕರ್, ಫ್ರಾನ್ಸಿನ ತಿಯೆರ್-ಇಸಾರ್ ನಂಬಬಹುದಾದ ಹೆಸರುಗಳು. ಹೊಸದಕ್ಕೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟರೂ ಗಾಜಿನ ಪರೀಕ್ಷೆ ಬಿಡಬಾರದು.

4. ಅಜ್ಜನ ಕತ್ತಿ

ಹಳೆಯ ಶೆಫೀಲ್ಡ್ ಕತ್ತಿ ಸಿಕ್ಕಿದರೆ ಪುಣ್ಯ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಮುದ್ರೆಯಿದ್ದರೆ ಜೋಸೆಫ್ ರಾಜರ್ಸ್ ಕಂಪನಿಯದು; ‘ಬೆಂಗಾಲ್’ ಎಂದಿದ್ದರೆ ಕ್ಯಾಡ್‌ಮನ್ ಕಂಪನಿಯದು. ಮುದ್ರೆ ಕಂಡು ಹಿಗ್ಗುವ ಮೊದಲು ಬಾಯಿಯ ಅಂಚಿನಲ್ಲಿ ತುಕ್ಕು ತಿಂದ ಗುಂಡಿಗಳಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಅಲಗಿನ ನಡುವಿನ ಕಲೆ ಇದ್ದರೆ ಇರಲಿ. ಅಂಚಿನ ಗುಂಡಿ ಮಸೆದಷ್ಟೂ ತೆರೆದುಕೊಂಡು ಬಾಯಿ ಹಲ್ಲುಹಲ್ಲಾಗುತ್ತದೆ. ಬೆನ್ನಿನ ಮೇಲೆ ಸವೆದ ಪಟ್ಟಿ ಅಗಲವಾಗಿ, ಸೊಟ್ಟಗೆ ಇದ್ದರೆ ಕತ್ತಿಯ ಆಯುಷ್ಯ ಮುಗಿದಿದೆ. ಮಡಚಿದಾಗ ಅಲಗು ಹಿಡಿಯ ಎರಡು ಪಟ್ಟಿಗಳಿಗೂ ತಾಗದೆ ನಡುವೆ ಕೂರಬೇಕು.

ಹಿಡಿ ಸೆಲ್ಯುಲಾಯ್ಡಿನದಾದರೆ ಅದು ಕೊಳೆಯುವಾಗ ಆಮ್ಲದ ಹೊಗೆ ಬಿಡುತ್ತದೆ, ಪಕ್ಕದಲ್ಲಿಟ್ಟ ಕತ್ತಿಗೂ ತುಕ್ಕು ಹಿಡಿಸುತ್ತದೆ. ಆನೆದಂತದ ಹಿಡಿ ಎಂದು ಯಾರಾದರೂ ಮಾರಲು ಬಂದರೆ ಕೈ ಹಚ್ಚಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಸಾಣೆಚಕ್ರದವರ ಕೈಗೆ ಕತ್ತಿ ಕೊಡುವುದಂತೂ ಬೇಡವೇ ಬೇಡ. ಚಕ್ರದ ಬಿಸಿಗೆ ತೆಳ್ಳಗಿನ ಬಾಯಿ ನೀಲಿಗಟ್ಟಿ ಉಕ್ಕು ಮೆತ್ತಗಾಗುತ್ತದೆ, ಕೋನವೂ ಕೆಡುತ್ತದೆ.

5. ಕರಾವಳಿಗೆ ಯಾವ ಉಕ್ಕು?

ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಈ ತಾಲ್ಲೂಕುಗಳಲ್ಲಿ, ಅದರ ಮೇಲೆ ಕಡಲ ಗಾಳಿಯಲ್ಲಿ, ಒರೆಸದೆ ಬಿಟ್ಟ ಕತ್ತಿ ಬೆಳಗಾಗುವಷ್ಟರಲ್ಲಿ ಕೆಂಪಾಗಬಹುದು. ಮರೆವಿನವರು ಸ್ಟೇನ್‌ಲೆಸ್ ಕೊಳ್ಳಲಿ. ಹೆಂಕಲ್ಸ್ ಕಂಪನಿಯ ಹಳೆಯ ಫ್ರಿಯೋಡೂರ್ ಕತ್ತಿಗಳಿಗೆ ಇಂದಿಗೂ ಬೇಡಿಕೆಯಿದೆ. ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೆ. ಯಾವುದಾದರೂ ಬಚ್ಚಲಲ್ಲಿ ಇಡುವ ಹಾಗಿಲ್ಲ. ಚರ್ಮದ ಚೀಲವೂ ಬೇಡ, ಅದು ತೇವ ಹಿಡಿದಿಡುತ್ತದೆ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಕನರುತ್ತದೆ. ಹೊಲಿಗೆ ಮಿಶಿನ್ನಿನ ಎಣ್ಣೆ ತೆಳ್ಳಗೆ ಸವರಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ.

6. ಉಳಿದದ್ದು

ಹೊಸ ಕತ್ತಿ ಪೆಟ್ಟಿಗೆಯಿಂದ ಬರುವಾಗಲೇ ಕ್ಷೌರಕ್ಕೆ ಸಿದ್ಧವಾಗಿರುತ್ತದೆ ಎಂದುಕೊಳ್ಳಬಾರದು. ‘ಮಸೆದು ಕಳಿಸುತ್ತೀರಾ?’ ಎಂದು ಕೇಳಿಯೇ ದುಡ್ಡು ಕೊಡಿ. ಹರಿತ ನೋಡಲು ಹೆಬ್ಬೆರಳು ಸವರಬೇಡಿ. ತೊಳೆದ ತಲೆಗೂದಲೊಂದನ್ನು ಬಾಯಿಯ ಮೇಲೆ ಇಳಿಬಿಟ್ಟರೆ ತುಂಡಾಗಬೇಕು. ಕತ್ತಿಯ ಜೊತೆಗೇ ಚರ್ಮದ ಪಟ್ಟಿಗೂ ಹಣ ತೆಗೆದಿಡಿ. ಪ್ರತಿ ಕ್ಷೌರಕ್ಕೂ ಮೊದಲು ಬೆನ್ನು ಮುಂದಾಗಿ, ಬಾಯಿ ಹಿಂದಾಗಿ 50ರಷ್ಟು ಬಾರಿ ಎಳೆಯಬೇಕು; ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಮೊದಲ ವಾರ ಕೆನ್ನೆಗಷ್ಟೇ ಕತ್ತಿ, ಗದ್ದ ಮತ್ತು ಮೂಗಿನ ಕೆಳಗೆ ಹಳೆಯ ರೇಜರೇ ಇರಲಿ. ಮನೆಮಂದಿಯ ನಡುವೆಯೂ ಒಬ್ಬರ ಕತ್ತಿ ಇನ್ನೊಬ್ಬರಿಗೆ ಬೇಡ. ದುಬೈಯಿಂದ ತರುವವರಿಗೆ ಮರೆಯದೆ ಹೇಳಬೇಕಾದ ಮಾತೊಂದಿದೆ: ಕತ್ತಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆ ದಾಟುವುದಿಲ್ಲ.