ಮುಪ್ಪಿಗೆ ಕಾಯಕವುಂಟೆ?

ಹಿರಿಯರಿಗೆ ಎಪ್ಪತ್ತು ತುಂಬಿದೊಡನೆ ಮಕ್ಕಳು ಪ್ರೀತಿಯಿಂದ ಆಡುವ ಮಾತೊಂದುಂಟು: “ಅಪ್ಪಾ, ಇಷ್ಟು ದಿನ ದುಡಿದದ್ದು ಸಾಕು, ಇನ್ನು ನೀವು ಸುಮ್ಮನೆ ಕುಳಿತಿರಿ.” ಮಾತು ಸದ್ಭಾವದ್ದೇ ಸರಿ. ಆದರೆ ಅಂದಿನಿಂದ ಲೆಕ್ಕದ ಪುಸ್ತಕ ಮಗನ ಕೈಗೂ ಬೀಗದ ಕೈ ಸೊಸೆಯ ಕೈಗೂ ಹೋಗುತ್ತವೆ. ಹಿರಿಯರ ಪಾಲಿಗೆ ಪಡಸಾಲೆಯ ಮೂಲೆಯೂ ಹೊತ್ತಿಗೆ ಸರಿಯಾಗಿ ಬರುವ ತಟ್ಟೆಯೂ ಉಳಿಯುತ್ತವೆ. ಅನ್ನಕ್ಕೆ ಕೊರತೆಯಿಲ್ಲ, ಔಷಧಕ್ಕೂ ಕೊರತೆಯಿಲ್ಲ. ಆದರೂ ಅವರು ದಿನೇ ದಿನೇ ಕುಗ್ಗುತ್ತಾರೆ. ವಯಸ್ಸೇ ಇದಕ್ಕೆ ಕಾರಣವೆಂದು ಮನೆಯವರು ಸಮಾಧಾನ ಹೊಂದುವರು. ಇದು ಪೂರ್ಣವಾಗಿ ನಿಜವೇ ಎಂಬುದನ್ನು ಸದ್ಭಕ್ತರು ವಿಚಾರಿಸತಕ್ಕದ್ದು.

ತಲೆ ನರೆತ ಗೃಹಸ್ಥನು ವನಕ್ಕೆ ತೆರಳತಕ್ಕದ್ದೆಂದು ಸ್ಮೃತಿಕಾರರು ವಿಧಿಸಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತೋರಿದ ದಾರಿ ಬೇರೆ. ಕಾಯಕ, ದಾಸೋಹ, ಶರಣಸಂಗ ಇವು ಕಾಯವಿರುವ ತನಕ ನಡೆಯಬೇಕಾದವು; ಇವಕ್ಕೆ ವಯಸ್ಸಿನ ಗಡಿಯನ್ನು ಅವರು ಹಾಕಲಿಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಬಂದವನೆಂದು ಪರಂಪರೆ ಹೇಳುತ್ತದೆ. ಸಿಂಹಾಸನವನ್ನು ಬಿಟ್ಟವನು ಕಲ್ಯಾಣದಲ್ಲಿ ಹೊತ್ತದ್ದು ಕಟ್ಟಿಗೆಯ ಹೊರೆಯನ್ನು. ಪದವಿ ಹೋದೊಡನೆ ತನ್ನ ಬೆಲೆಯೂ ಹೋಯಿತೆಂದು ಕೊರಗುವ ನಿವೃತ್ತ ನೌಕರರು ಈ ಚರಿತ್ರೆಯನ್ನು ಮತ್ತೊಮ್ಮೆ ನೆನೆಯಬಹುದು. ನಿಂತದ್ದು ಸಂಬಳ, ಕಾಯಕವಲ್ಲ.

ಮುಪ್ಪಡಸಿ ದೇಹ ಪರಾಧೀನವಾಗುವ ಮುನ್ನವೇ ಕೂಡಲಸಂಗನನ್ನು ಪೂಜಿಸಬೇಕೆಂದು ಬಸವಣ್ಣನವರು ಎಚ್ಚರಿಸಿರುವ ವಚನವನ್ನು ಕೆಲವು ವೃದ್ಧರು ತಮ್ಮ ನಿರಾಶೆಗೆ ಪ್ರಮಾಣವಾಗಿ ಹೇಳುವುದುಂಟು: “ನಮ್ಮ ಕಾಲ ಮೀರಿತು.” ಇದು ವಚನಾರ್ಥವಲ್ಲ. ಆ ಎಚ್ಚರಿಕೆ ನಾಳೆ ನೋಡೋಣವೆಂದು ಮುಂದೂಡುವ ಯುವಕನಿಗೆ. ‘ಮುನ್ನ’ ಎಂಬುದು ಆರಂಭದ ಕಾಲವನ್ನು ಸೂಚಿಸುವ ಪದ, ಮುಕ್ತಾಯವನ್ನಲ್ಲ.

ಸಂಗದ ಫಲವನ್ನು ಇಂದಿನ ವೈದ್ಯಶಾಸ್ತ್ರವೂ ಅಳೆದು ನೋಡಿದೆ. 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆ 148 ಅಧ್ಯಯನಗಳಿಂದ 3,08,849 ಜನರ ವಿವರಗಳನ್ನು ಒಟ್ಟುಗೂಡಿಸಿತು. ಜನಸಂಬಂಧ ಬಲವಾಗಿದ್ದವರು ಆಯಾ ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಉಳಿದವರಿಗಿಂತ ಶೇಕಡಾ 50ರಷ್ಟು ಅಧಿಕವೆಂದು ಕಂಡಿತು. ರೋಗವಿರುವವನೇ ಜನರಿಂದ ದೂರವಾಗುವನಲ್ಲವೆ, ಕಾರಣ ಯಾವುದು ಕಾರ್ಯ ಯಾವುದು ಎಂದು ತಾರ್ಕಿಕರು ಕೇಳಿಯಾರು. ಪ್ರಶ್ನೆ ಯುಕ್ತವಾದುದೇ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ. ಅಲ್ಲಿ 128 ಮಂದಿ ವೃದ್ಧರನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ವಾರಕ್ಕೆ 15 ಗಂಟೆಗಳ ಕಾಲ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಓದಿಗೆ ನೆರವಾಗಲು ನಿಯೋಜಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಗೆ ಹೋದವರ ಓಡಾಟ ಹೆಚ್ಚಿತು, ಟೆಲಿವಿಷನ್ ನೋಡುವ ಹೊತ್ತು ತಗ್ಗಿತು, ಕಷ್ಟಕ್ಕೆ ಕರೆಯಬಹುದಾದ ಜನರೂ ಹೆಚ್ಚಿದರು. ಮಕ್ಕಳ ಓದಿಗಾಗಿ ಹೋದವರಿಗೆ ತಮ್ಮ ಮೈಮನಸ್ಸುಗಳ ಲಾಭವೂ ಬಂದಿತು. ದಾಸೋಹದಲ್ಲಿ ನೀಡುವವನೂ ಪಡೆಯುವನೆಂಬುದನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ಯಾವಾಗಲೂ ಪಡೆಯುತ್ತಲೇ ಇರಬೇಕಾದವನ ಸಂಕಟವನ್ನು ಮಾತ್ರ ನಾವು ಗಮನಿಸುವುದಿಲ್ಲ.

ಹೊತ್ತು ಹೋಗಲೆಂದು ಕೊಟ್ಟ ಹುಸಿಕೆಲಸವನ್ನು ವೃದ್ಧರು ಕ್ಷಣದಲ್ಲಿ ಗುರುತಿಸುತ್ತಾರೆ. ಅವರು ಮಾಡದಿದ್ದರೆ ನಿಜವಾಗಿಯೂ ನಿಂತುಹೋಗುವ ಒಂದು ಕೆಲಸ, ಚಿಕ್ಕದಾದರೂ ಸರಿ, ಅವರ ಕೈಯಲ್ಲಿರಬೇಕು: ಹಾಲಿನ ಲೆಕ್ಕವಾಗಲಿ, ಮೊಮ್ಮಗನ ಮಗ್ಗಿಯಾಗಲಿ, ಪತ್ರಿವನದ ನೀರಾಗಲಿ.

ಅಜ್ಜಿಯರ ವಿಷಯ ಇನ್ನೂ ಕಠಿನ. ಗಂಡ ಲಿಂಗೈಕ್ಯನಾದ ಮೇಲೆ ಆಕೆಯನ್ನು ಮದುವೆಯ ಮನೆಯಲ್ಲಿ ಹಿಂದಕ್ಕೆ ನಿಲ್ಲಿಸುವ ರೂಢಿ ನಮ್ಮ ಮನೆಗಳಲ್ಲಿಯೂ ಹೊಕ್ಕಿದೆ. ಹಣೆಯ ವಿಭೂತಿ ಹೋಗಲಿಲ್ಲ, ಕೊರಳ ಲಿಂಗ ಹೋಗಲಿಲ್ಲ. ಅಮಂಗಲ ಎಲ್ಲಿಂದ ಬಂದಿತು? ಜನರ ನಡುವೆಯೇ ಆಕೆಯನ್ನು ಒಂಟಿಯಾಗಿಸುವ ಈ ನಡತೆಗೆ ಶರಣರಲ್ಲಿ ಆಧಾರವಿಲ್ಲ.

ಏಕಾಂತವನ್ನು ಬಯಸುವ ಹಿರಿಯರೂ ಇದ್ದಾರೆ. ಪೂಜೆಗೆ ಕುಳಿತವರನ್ನು ಎಬ್ಬಿಸಿ ಸಭೆಗೆ ಎಳೆದೊಯ್ಯಬೇಕಾಗಿಲ್ಲ. ಏಕಾಂತ ಅವರೇ ಆರಿಸಿಕೊಂಡದ್ದು. ಒಂಟಿತನ ಬೇರೆಯವರು ಹೇರಿದ್ದು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಂತೆ ನ್ಯಾಯಮಂಡಳಿಯು ಮಕ್ಕಳಿಂದ ಜೀವನಾಂಶವನ್ನು ಕೊಡಿಸಬಲ್ಲುದು; ಮಗನನ್ನು ತಂದೆಯ ಬಳಿ ಅರ್ಧಗಂಟೆ ಕುಳ್ಳಿರಿಸಲಾರದು.

ಎಷ್ಟೋ ಸಲ ಅಡ್ಡಿ ಮನಸ್ಸಿನದಲ್ಲ, ದೇಹದ್ದು. ಕಿವಿ ಮಂದವಾದವನು ಮಾತು ತಿಳಿಯದೆ ಎರಡು ಸಲ ನಗೆಗೀಡಾದರೆ ಮೂರನೆಯ ಸಲ ಬರುವುದೇ ಇಲ್ಲ. ಜನರು ಅವನನ್ನು ಮೌನಿಯೆನ್ನುವರು. ಮಂಡಿ ನೋಯುವವನಿಗೆ ನೆಲದ ಮೇಲಿನ ಪಂಕ್ತಿ ಶಿಕ್ಷೆ. ರಾತ್ರಿ ಒಂಬತ್ತಕ್ಕೆ ಅನುಭಾವಗೋಷ್ಠಿಯನ್ನಿಟ್ಟು ಹಿರಿಯರು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಗೋಷ್ಠಿ ಬೆಳಕಿರುವಾಗಲೇ ಮುಗಿಯಲಿ, ಪ್ರಸಾದನಿಲಯದಲ್ಲಿ ನಾಲ್ಕು ಕುರ್ಚಿಗಳಿರಲಿ, ಕಿವಿಯ ಯಂತ್ರಕ್ಕಾಗಿ ವೈದ್ಯರಲ್ಲಿಗೆ ಕರೆದೊಯ್ಯುವ ಕೆಲಸ ಬರುವ ವರ್ಷಕ್ಕೆ ಹೋಗದಿರಲಿ. ಅದು ಬರುವವರೆಗೆ ಅಜ್ಜನ ಎದುರಿಗೆ, ಮುಖ ಕಾಣುವಂತೆ ಕುಳಿತು, ಕಿರಿಚದೆ, ನಿಧಾನವಾಗಿ ಮಾತನಾಡಿದರೆ ಅವನು ಬಹುಮಟ್ಟಿಗೆ ತಿಳಿದುಕೊಳ್ಳುತ್ತಾನೆ.